ಕಬ್ಬಿನ ಕಾಗದ ಪತ್ರಗಳಿಗೆ ಒಂದು ರಟ್ಟಿನ ಪೆಟ್ಟಿಗೆ



ಈ ಪುಟದಲ್ಲಿ ಬೀಜೋಪಚಾರ, ಕಾಂಡ ಕೊರೆಯುವ ಹುಳು, ಕೂಳೆ ಬೆಳೆಯ ಆರೈಕೆ ಇಂತಹ ವಿಷಯಗಳನ್ನು ಬರೆಯುತ್ತ ಬಂದಿದ್ದೇನೆ. ಈ ಸಲ ರಟ್ಟು, ಅಂಟು, ಕತ್ತರಿಯ ವಿಷಯ ಬರೆಯಹೊರಟಿರುವುದನ್ನು ನೋಡಿ ಕೆಲವರಿಗೆ ನಗು ಬರಬಹುದು. ಆದರೆ ಕೆಳಗಿನ ಸಂಗತಿಯನ್ನು ಓದಿದ ಮೇಲೆ ತಮ್ಮ ಮನೆಯ ಕಾಗದಗಳು ಈಗ ಎಲ್ಲಿವೆ, ಹೇಗಿವೆ ಎಂದು ಒಮ್ಮೆ ಎದ್ದು ಹೋಗಿ ನೋಡಿ ಬರಬೇಕೆಂದು ಕೋರುತ್ತೇನೆ.

ಮಾರಂಡಹಳ್ಳಿ ಕಡೆಯ ಹಿರಿಯ ಹೆಂಗಸೊಬ್ಬರು ಯಜಮಾನರು ತೀರಿಕೊಂಡ ಮೇಲೆ ಜಮೀನನ್ನೂ ಕಬ್ಬಿನ ನೋಂದಣಿಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಓಡಾಡುತ್ತಿದ್ದರು. ಕೈಯಲ್ಲಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಹಳದಿ ಕೈಚೀಲ. ಅದರೊಳಗೆ ಕ್ರಯಪತ್ರವನ್ನು ಎಂಟು ಮಡಿಕೆ ಮಾಡಿ, ರಬ್ಬರು ಬಳೆ ಹಾಕಿ ಇಟ್ಟಿದ್ದರು. ರಬ್ಬರು ಕರಗಿ ಕಾಗದಕ್ಕೆ ಅಂಟಿತ್ತು. ಬಿಚ್ಚಿ ನೋಡಿದರೆ ಒಂದು ಮಡಿಕೆ ಸರಿಯಾಗಿ ಸರ್ವೆ ನಂಬರು ಮತ್ತು ಚಕ್ಕುಬಂದಿ ಬರೆದಿದ್ದ ಸಾಲಿನ ಮೇಲೆ ಬಂದಿತ್ತು. ಕಾಗದ ಅಲ್ಲೇ ಹರಿದು ಎರಡಾಗಿ, ನಂಬರಿನ ಕೊನೆಯ ಅಂಕಿ ಉದುರಿ ಹೋಗಿತ್ತು. ಹಿಂದಿನ ಹಂಗಾಮಿನ ಏಳು ತೂಕದ ಚೀಟಿಗಳಲ್ಲಿ ಎರಡು ಇಲಿಯ ಪಾಲಾಗಿದ್ದವು.

"ಅಮ್ಮಾ, ಇದನ್ನು ಇಷ್ಟು ಸಣ್ಣದಾಗಿ ಏಕೆ ಮಡಿಸಿದಿರಿ?" ಎಂದು ಕೇಳಿದೆ.

"ಚೀಲ ಇದ್ದಷ್ಟಕ್ಕೆ ಮಡಿಸಿದೆ ಸ್ವಾಮಿ" ಎಂದರು.

ಅವರು ಕಾಗದವನ್ನು ಅಸಡ್ಡೆಯಿಂದ ಇಟ್ಟಿರಲಿಲ್ಲ, ದೇವರ ಮನೆಯಲ್ಲೇ ಇಟ್ಟಿದ್ದರು. ಆದರೆ ಚೀಲದ ಅಳತೆಗೆ ಕಾಗದವನ್ನು ಮಡಿಸಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಪಡೆಯಲು ಅವರು ಎಷ್ಟು ಸಲ ಬಸ್ಸು ಹತ್ತಿಳಿದರೆಂಬುದನ್ನು ನಾನು ಬಲ್ಲೆ. ಕಾಗದದ ಅಳತೆಗೆ ಒಂದು ಪೆಟ್ಟಿಗೆ ಇದ್ದಿದ್ದರೆ ಈ ಓಡಾಟ ಇರುತ್ತಿರಲಿಲ್ಲ. ಅಂತಹ ಪೆಟ್ಟಿಗೆಯನ್ನು ಖರ್ಚಿಲ್ಲದೆ, ಎರಡು ದಿನದ ಬಿಡುವಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂಬುದೇ ಈ ಲೇಖನದ ವಿಷಯ.

ಒಂದು ಚೀಟಿಯ ಬೆಲೆ

ಎಕರೆಗೆ 40 ಟನ್ ಕಬ್ಬು ಬಂದು, ಟ್ರಾಕ್ಟರಿನ ಒಂದು ನಡೆಗೆ 8 ಟನ್ ಹಿಡಿದರೆ ಎಕರೆಗೆ 5 ತೂಕದ ಚೀಟಿ. 2024-25ರ ಹಂಗಾಮಿಗೆ, ಸಕ್ಕರೆ ಇಳುವರಿ ಶೇಕಡಾ 9.5 ಅಥವಾ ಅದಕ್ಕಿಂತ ಕಡಿಮೆ ಇರುವ ಕಾರ್ಖಾನೆಗಳಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಲೆ ಟನ್ನಿಗೆ 3,151 ರೂಪಾಯಿ. ಅಂದರೆ ಬೀಡಿ ಕಟ್ಟಿನಷ್ಟು ಹಗುರವಾದ ಆ ಒಂದು ಚೀಟಿ 25,208 ರೂಪಾಯಿಗೆ ಸಾಕ್ಷಿ. ಇಷ್ಟು ಮೊತ್ತದ ನೋಟನ್ನು ಯಾರಾದರೂ ಅಂಗಿಯ ಜೇಬಿನಲ್ಲಿ ಬಿಟ್ಟು ಒಗೆಯಲು ಹಾಕುತ್ತಾರೆಯೇ? ಚೀಟಿಯನ್ನು ಹಾಕುತ್ತಾರೆ.

ಇನ್ನೊಂದು ವಿಷಯ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಈ 14 ದಿನ ಎಂದಿನಿಂದ ಎಣಿಸಬೇಕು? ಚೀಟಿಯ ಮೇಲಿನ ತಾರೀಖಿನಿಂದ. ಚೀಟಿ ಇಲ್ಲದವನು ಬಾಯಿ ಮಾತಿನಲ್ಲಿ ವಾದಿಸಬೇಕಾಗುತ್ತದೆ.

"ಕಚೇರಿಯಲ್ಲಿ ನಕಲು ಇದ್ದೇ ಇರುತ್ತದಲ್ಲ" ಎಂದು ಕೇಳುವವರಿದ್ದಾರೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ರೈತರಿಗೆ ಹೀಗೆಯೇ ಹೇಳುತ್ತಿದ್ದೆ. ಮುಂದೆ ಒಂದು ಕಚೇರಿಯಲ್ಲಿ ಐಪ್ಪಸಿ ತಿಂಗಳ ಮಳೆಗೆ ಸೂರು ಸೋರಿ, ಒಂದು ಕಪಾಟಿನಷ್ಟು ಪುಸ್ತಕಗಳು ಮುದ್ದೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ ಆ ಮಾತು ಬಿಟ್ಟೆ.

ಈಗ ಪಟ್ಟಾ, ಚಿಟ್ಟಾ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತವೆ, ನಿಜ. ಆದರೆ ಕಂಪ್ಯೂಟರಿಗೆ ಹೋದದ್ದು ಹಳೆಯ ಕಾಗದದಿಂದಲೇ. ಅಲ್ಲಿ ಹೆಸರೋ ವಿಸ್ತೀರ್ಣವೋ ತಪ್ಪಾಗಿ ಏರಿದ್ದರೆ ತಿದ್ದಿಸಲು ಕೇಳುವುದು ಮತ್ತೆ ಆ ಹಳೆಯ ಕಾಗದವನ್ನೇ. ನಮ್ಮ ಸೀಮೆಯಲ್ಲಿ ಇದು ಇನ್ನೂ ಮುಖ್ಯ. ಹೊಸೂರು, ಡೆಂಕಣಿಕೋಟೆ ಕಡೆಯ ಒಂದೇ ಹೊಲದ ಪತ್ರಗಳನ್ನು ತೆಗೆದು ನೋಡಿ. 1965ಕ್ಕೆ ಮುಂಚಿನದರಲ್ಲಿ ಸೇಲಂ ಜಿಲ್ಲೆ ಎಂದಿರುತ್ತದೆ. ಆ ವರ್ಷ ಧರ್ಮಪುರಿ ಜಿಲ್ಲೆ ಬೇರೆಯಾದ ಮೇಲೆ ಬರೆದದ್ದರಲ್ಲಿ ಧರ್ಮಪುರಿ. 2004ರಿಂದ ಈಚಿನದರಲ್ಲಿ ಕೃಷ್ಣಗಿರಿ. ಮೋಹನೂರು ಕಡೆಯವರಿಗೆ 1997ರಿಂದ ಸೇಲಂ ಹೋಗಿ ನಾಮಕ್ಕಲ್ ಬಂದಿದೆ. ಹೊಲ ಕದಲಲಿಲ್ಲ, ಜಿಲ್ಲೆಯ ಹೆಸರು ಮಾತ್ರ ಬದಲಾಯಿತು. 1980ರಲ್ಲಿ ಪರಂಪರೆಯ ಗ್ರಾಮಾಧಿಕಾರಿಗಳ ಹುದ್ದೆಗಳು ರದ್ದಾಗುವುದಕ್ಕೆ ಮುಂಚೆ ಶಾನುಭೋಗರು ಬರೆದುಕೊಟ್ಟ ಕಾಗದಗಳೂ ಕೆಲವರ ಮನೆಯಲ್ಲಿವೆ. "ಇದು ಹಳೇ ಜಿಲ್ಲೆಯ ಕಾಗದ, ಇನ್ನೇನು ಉಪಯೋಗ" ಎಂದು ಎಸೆಯಬಾರದು. ಒಂದರ ಕೆಳಗೊಂದು ಮೂರನ್ನೂ ಇಟ್ಟರೆ ಮಾತ್ರ ಹೊಲದ ಕಥೆ ಪೂರ್ತಿಯಾಗುತ್ತದೆ.

ಯಾವ ರಟ್ಟು

ಅಂಗಡಿಯಿಂದ ಬರುವ ಬಿಸ್ಕತ್ತು, ಸಾಬೂನು, ಮಿಕ್ಸಿ, ಟಿ.ವಿ. ಪೆಟ್ಟಿಗೆಗಳ ರಟ್ಟು ಸಾಕು. ಇದರ ಅಂಚನ್ನು ನೋಡಿದರೆ ಎರಡು ಚಪ್ಪಟೆ ಹಾಳೆಗಳ ನಡುವೆ ಸೀರೆಯ ನಿರಿಗೆಯಂತೆ ಮಡಿಸಿದ ಇನ್ನೊಂದು ಹಾಳೆ ಇರುವುದು ಕಾಣುತ್ತದೆ. ಈ ನಿರಿಗೆ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದಾಗ ಅದನ್ನು ಬಳಸಿದ್ದು ಎತ್ತರದ ಟೋಪಿಗಳ ಒಳಪಟ್ಟಿಗಂತೆ! ಪೆಟ್ಟಿಗೆಯ ಕೆಲಸಕ್ಕೆ ಬಂದದ್ದು ಆಮೇಲೆ. ಕಾಗದಕ್ಕೂ ನಮಗೂ ದೂರದ ಸಂಬಂಧವೇನಲ್ಲ. ಕರೂರು ಜಿಲ್ಲೆಯ ಕಾಗಿದಪುರಂನಲ್ಲಿ, 1979ರಲ್ಲಿ ಸ್ಥಾಪನೆಯಾದ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ ಸಂಸ್ಥೆಯವರು ಕಬ್ಬಿನ ಸಿಪ್ಪೆಯಿಂದಲೇ ಕಾಗದ ತಯಾರಿಸುತ್ತಾರೆ.

ಕೀಟನಾಶಕ, ಕಳೆನಾಶಕ ತುಂಬಿ ಬಂದ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಉಪಯೋಗಿಸಬಾರದು. ಎಣ್ಣೆ ಅಂಟಿದ ರಟ್ಟೂ ಬೇಡ, ಅದು ಇರುವೆ ಮತ್ತು ಇಲಿಯನ್ನು ಕರೆಯುತ್ತದೆ. ರಟ್ಟನ್ನು ಮಡಿಸಿ ನೋಡಿದಾಗ ಟಪ್ ಎಂದು ಮುರಿದಂತಾದರೆ ಒಣಗಿದೆ, ಒಳ್ಳೆಯದು. ಮೆತ್ತಗೆ ಬಾಗಿದರೆ ತೇವವಿದೆ, ಎರಡು ದಿನ ಬಿಸಿಲಿಗೆ ಹಾಕಿ.

ನಾನು ಮೊದಲು ಮಾಡಿದ ಪೆಟ್ಟಿಗೆ ಕುಸಿದದ್ದು

ನನ್ನ ಮೊದಲ ಪೆಟ್ಟಿಗೆಯನ್ನು ಒಂದೇ ದೊಡ್ಡ ಹಾಳೆಯಿಂದ, ನಾಲ್ಕು ಕಡೆ ಮೇಲಕ್ಕೆ ಮಡಿಸಿ ಮಾಡಿದ್ದೆ. ನೋಡಲು ಅಂದವಾಗಿಯೇ ಇತ್ತು. ಮನೆಯಾಕೆ ಅದರ ಮೇಲೆ ಎರಡು ಪಡಿ ರಾಗಿ ಹಿಟ್ಟಿನ ಡಬ್ಬ ಇಟ್ಟಳು. ಮಾರನೆಯ ದಿನ ಎರಡು ಗೋಡೆ ನಿಂತಿದ್ದವು, ಎರಡು ಗೋಡೆ ಕುಸಿದಿದ್ದವು. ಪದವೀಧರನಾದ ನಾನು ಹಿಟ್ಟಿನ ಡಬ್ಬವನ್ನು ಬೈದೆ. ಆಮೇಲೆ ರಟ್ಟಿನ ಅಂಚು ನೋಡಿದಾಗ ಕಾರಣ ತಿಳಿಯಿತು.

ನಿರಿಗೆ ನೆಟ್ಟಗೆ ನಿಂತರೆ ಭಾರ ಹೊರುತ್ತದೆ, ಅಡ್ಡ ಮಲಗಿದರೆ ಹೊರುವುದಿಲ್ಲ. ನಿಂತ ಕಬ್ಬಿಗೂ ಬಿದ್ದ ಕಬ್ಬಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಒಂದೇ ಹಾಳೆಯಲ್ಲಿ ನಿರಿಗೆ ಒಂದೇ ದಿಕ್ಕಿಗೆ ಓಡುತ್ತದೆ. ಆದ್ದರಿಂದ ನಾಲ್ಕು ಕಡೆ ಮಡಿಸಿದಾಗ ಎದುರು ಬದುರಿನ ಎರಡು ಗೋಡೆಯಲ್ಲಿ ಅದು ನೆಟ್ಟಗೆ ಬರುತ್ತದೆ, ಉಳಿದೆರಡರಲ್ಲಿ ಅಡ್ಡ ಬೀಳುತ್ತದೆ. ಇದಕ್ಕೆ ಪರಿಹಾರ ಸುಲಭ. ತಳ ಒಂದು, ಗೋಡೆ ನಾಲ್ಕು, ಹೀಗೆ ಬೇರೆ ಬೇರೆ ತುಂಡುಗಳಾಗಿ ಕತ್ತರಿಸಿ, ನಾಲ್ಕು ಗೋಡೆಯಲ್ಲೂ ನಿರಿಗೆ ಮೇಲಿಂದ ಕೆಳಕ್ಕೆ ಬರುವಂತೆ ಇಟ್ಟು ಬಟ್ಟೆಯ ಪಟ್ಟಿಯಿಂದ ಜೋಡಿಸಬೇಕು. ದೊಡ್ಡ ಹಾಳೆಯೂ ಬೇಕಿಲ್ಲ, ಸಣ್ಣ ಪೆಟ್ಟಿಗೆಗಳ ರಟ್ಟೇ ಸಾಕಾಗುತ್ತದೆ.

ಅಳತೆ

ಮನೆಯಲ್ಲಿರುವ ಕಾಗದಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕ್ರಯಪತ್ರದ ಛಾಪಾ ಕಾಗದ. ಅದು ಸುಮಾರು 35.6 ಸೆಂಟಿಮೀಟರ್ ಉದ್ದ, 21.6 ಸೆಂ.ಮೀ. ಅಗಲ. ಇದು ಮಡಿಕೆಯಿಲ್ಲದೆ ಮಲಗಬೇಕು, ತೆಗೆಯಲು ಬೆರಳು ಹೋಗುವಷ್ಟು ಜಾಗವೂ ಇರಬೇಕು. ಆದ್ದರಿಂದ ಪೆಟ್ಟಿಗೆಯ ಒಳ ಅಳತೆಯನ್ನು 38 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ ಇಟ್ಟುಕೊಂಡಿದ್ದೇನೆ. ಕೆಳಗಿನ ಲೆಕ್ಕವೆಲ್ಲ 4 ಮಿಲಿಮೀಟರ್ ದಪ್ಪದ ರಟ್ಟಿಗೆ.

ತಳಕ್ಕೆ 38 × 25ರ ಎರಡು ತುಂಡು ಕತ್ತರಿಸಿ. ಒಂದರಲ್ಲಿ ನಿರಿಗೆ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಇರಲಿ. ಒಂದರ ಮೇಲೊಂದು ಅಂಟಿಸಿ, ಮೇಲೆ ಭಾರವಿಟ್ಟು ರಾತ್ರಿಯೆಲ್ಲ ಬಿಡಿ. ಮಾರನೆಯ ದಿನ ಅದು ಹಲಗೆಯಂತಾಗಿರುತ್ತದೆ.

ಉದ್ದದ ಗೋಡೆ ಎರಡು, ತಲಾ 38 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರ. ಅಗಲದ ಗೋಡೆ ಎರಡು, ತಲಾ 25.8 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರ. ಈ 0.8 ಹೆಚ್ಚಿಗೆ ಏಕೆಂದರೆ ಅಗಲದ ಗೋಡೆಯು ಉದ್ದದ ಗೋಡೆಗಳ ದಪ್ಪವನ್ನೂ ಮುಚ್ಚಬೇಕು. ಬಡಗಿಗಳಿಗೆ ಇದನ್ನು ಹೇಳಬೇಕಾಗಿಲ್ಲ. ನನ್ನಂಥವರು ಮಾತ್ರ ಮರೆತು ಒಂದು ಗೋಡೆ ಹಾಳುಮಾಡಿಕೊಳ್ಳುತ್ತಾರೆ.

ಗೋಡೆಗಳು ತಳದ ಮೇಲಲ್ಲ, ತಳದ ಸುತ್ತ ಹೊರಗಡೆ ನಿಲ್ಲಬೇಕು. ಹಳೆಯ ಪಂಚೆಯಿಂದ 5 ಸೆಂ.ಮೀ. ಅಗಲದ ಪಟ್ಟಿಗಳನ್ನು ಹರಿದು, ಅಂಟು ಸವರಿ, ಪ್ರತಿ ಮೂಲೆಗೂ ಹೊರಗೊಂದು ಒಳಗೊಂದು, ತಳದ ಅಂಚಿಗೂ ಹಾಗೆಯೇ ಹಚ್ಚಿ. ಬಟ್ಟೆ ಒಣಗಿದಾಗ ಬಿಗಿಯುತ್ತದೆ. ಹೊರಗೆಲ್ಲ ಕಂದು ಕಾಗದ ಅಂಟಿಸಿದರೆ ಸಾಕು. ಪ್ಲಾಸ್ಟಿಕ್ ಸುತ್ತಬೇಡಿ, ಒಳಗಿನ ತೇವ ಹೊರಗೆ ಹೋಗಲು ದಾರಿಯಿರುವುದಿಲ್ಲ.

ಮುಚ್ಚಳಕ್ಕೆ ಮೇಲ್ಹಲಗೆ 39.5 × 26.5, ಅದರ ಉದ್ದದ ಗೋಡೆ ಎರಡು 39.5 × 6, ಅಗಲದ ಗೋಡೆ ಎರಡು 27.3 × 6. ಆದರೆ ಈ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ತಮ್ಮ ರಟ್ಟು 3 ಮಿ.ಮೀ. ಇರಬಹುದು, 5 ಇರಬಹುದು, ಬಟ್ಟೆ ದಪ್ಪಗಿರಬಹುದು. ಕೆಳಗಿನ ಪೆಟ್ಟಿಗೆ ಪೂರ್ತಿ ಒಣಗಿದ ಮೇಲೆ ಅದರ ಹೊರ ಅಳತೆ ತೆಗೆದುಕೊಂಡು, ಉದ್ದಕ್ಕೂ ಅಗಲಕ್ಕೂ ಅರ್ಧ ಸೆಂಟಿಮೀಟರ್ ಸೇರಿಸಿ ಮೇಲ್ಹಲಗೆ ಕತ್ತರಿಸುವುದೇ ಸರಿಯಾದ ಕ್ರಮ. ಮುಚ್ಚಳವನ್ನು ಮೊದಲೇ ಮಾಡಿಕೊಂಡವರ ಪೆಟ್ಟಿಗೆ ಎಂದೂ ಮುಚ್ಚುವುದಿಲ್ಲ!

ಅಂಟು

100 ಗ್ರಾಂ ಮೈದಾವನ್ನು ಅರ್ಧ ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ ಗಂಜಿಯಂತೆ ಬೇಯಿಸಿ ಇಳಿಸಿ. ಬರಿಯ ಮೈದಾ ಅಂಟು ಜಿರಳೆಗೂ ಕಾಗದ ತಿನ್ನುವ ಹುಳಕ್ಕೂ ಒಳ್ಳೆಯ ಊಟ. ಅದಕ್ಕೆ ಪುಸ್ತಕ ಕಟ್ಟುವವರು ಹಿಂದಿನಿಂದಲೂ ಮೈಲುತುತ್ತ ಸೇರಿಸುತ್ತ ಬಂದಿದ್ದಾರೆ. ಬೋರ್ಡೋ ದ್ರಾವಣ ಮಾಡಿದವರಿಗೆ ಇದು ಹೊಸದಲ್ಲ. 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು, ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಆರಿದ ಅಂಟಿಗೆ ಬೆರೆಸಿ. ಬೆರೆಸುವುದು ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಆಗಬೇಕು, ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆಯನ್ನು ಮೈಲುತುತ್ತ ತಿನ್ನುತ್ತದೆ. ಇದು ವಿಷ ಎಂಬುದನ್ನು ಮರೆಯಬಾರದು. ಆ ಪಾತ್ರೆಯನ್ನು ಮತ್ತೆ ಅಡಿಗೆಮನೆಗೆ ಸೇರಿಸಬೇಡಿ. ಮಕ್ಕಳು, ದನಕರುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ಕೆಲಸವಾದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಈ ಕೆಲಸಕ್ಕೆ ಮಾಸಿಯಿಂದ ಚಿತ್ತಿರೈವರೆಗಿನ ಒಣ ದಿನಗಳೇ ಮೇಲು. ಮಳೆಗಾಲದಲ್ಲಿ ಅಂಟು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಒಳಗಿನ ತಟ್ಟೆ

ಪೆಟ್ಟಿಗೆಯ ಎರಡು ಅಗಲದ ಗೋಡೆಗಳ ಒಳಗಡೆ 25 ಸೆಂ.ಮೀ. ಉದ್ದ, 8 ಸೆಂ.ಮೀ. ಎತ್ತರದ ಒಂದೊಂದು ರಟ್ಟು ಅಂಟಿಸಿ. ಗೋಡೆಗೂ ಬಲ, ಮೇಲಿನ ತಟ್ಟೆಗೂ ಆಸರೆ. ಆ ಮೆಟ್ಟಿಲಿನ ಮೇಲೆ ಕೂರುವಂತೆ, ಹೊರ ಅಳತೆ 37.5 × 24.5, ಎತ್ತರ 5.5 ಸೆಂ.ಮೀ. ಇರುವ ಒಂದು ತಟ್ಟೆ ಮಾಡಿ. ಎತ್ತಲು ಎರಡು ಕಡೆ ಗಟ್ಟಿ ದಾರದ ಕುಣಿಕೆ ಇರಲಿ. ತಟ್ಟೆಯ ನಡುವೆ ಒಂದೇ ಒಂದು ಅಡ್ಡಗೋಡೆ.

ಒಂದೇ ಏಕೆ? ನಾನು ಮೊದಲು ಆರು ಕೋಣೆ ಮಾಡಿದ್ದೆ. ನೋಂದಣಿ, ಬಿತ್ತನೆ, ಗೊಬ್ಬರ, ಕಡಿತ, ತೂಕ, ಬ್ಯಾಂಕು ಎಂದು ಹೆಸರನ್ನೂ ಬರೆದಿದ್ದೆ. ನಾಲ್ಕು ತಿಂಗಳ ಮೇಲೆ ನೋಡಿದರೆ ಎಲ್ಲ ಚೀಟಿಯೂ ಹತ್ತಿರದ ಕೋಣೆಯಲ್ಲೇ ತುಂಬಿತ್ತು, ಒಂದರಲ್ಲಿ ಗುಂಡಿ ಮತ್ತು ಸೂಜಿ ಇದ್ದವು. ದಣಿದು ಬಂದವರು ರಾತ್ರಿ ದೀಪದಲ್ಲಿ ಆರು ಹೆಸರು ಓದಿ ಹಾಕುವುದಿಲ್ಲ. ಎರಡಾದರೆ ಹಾಕುತ್ತಾರೆ. ಎಡಗಡೆ ಹೊಲದ್ದು: ನಾಟಿ ನೋಂದಣಿ, ಬಿತ್ತನೆ ಕಬ್ಬು, ಗೊಬ್ಬರ, ಔಷಧಿಯ ರಸೀತಿ. ಬಲಗಡೆ ಗಿರಣಿಯದು: ಕಡಿತದ ಆದೇಶ, ತೂಕದ ಚೀಟಿ, ಬಿಲ್ಲು, ಪಾಸ್ ಪುಸ್ತಕ. ತಟ್ಟೆಯ ಕೆಳಗೆ, ಫೈಲಿನೊಳಗೆ ಮಡಿಸದೆ ಮಲಗಿಸಿದ ಕ್ರಯಪತ್ರ, ಭಾಗಪತ್ರ, ಪಟ್ಟಾ, ನಕ್ಷೆ, ಕಾರ್ಖಾನೆಯ ಕರಾರು, ಷೇರು ಸರ್ಟಿಫಿಕೇಟು. ದಿನವೂ ಬೇಕಾಗುವುದು ಮೇಲೆ, ಎಂದೋ ಬೇಕಾಗುವುದು ಕೆಳಗೆ.

ತೂಕದ ಚೀಟಿಗಳನ್ನು ಇಂಗ್ಲಿಷ್ ವರ್ಷದ ಪ್ರಕಾರ ಕಟ್ಟಬೇಡಿ. ಸಕ್ಕರೆ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರಿಗೆ, ಹಾಗೆಯೇ ಕಟ್ಟಿ. ಲೆಕ್ಕ ತೀರಿದ ಕೂಡಲೇ ಎಸೆಯಲೂಬೇಡಿ. 1963ರ ಕಾಲಮಿತಿ ಕಾಯಿದೆಯಲ್ಲಿ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಅವಧಿಯಿದೆ, ಅಲ್ಲಿಯವರೆಗಾದರೂ ಇರಲಿ. ನಾಟಿಯ ನೋಂದಣಿ ಚೀಟಿ ಆ ಗದ್ದೆಯ ಕೊನೆಯ ಕೂಳೆ ಮುಗಿಯುವವರೆಗೆ ಬೇಕು.

ಗೊಬ್ಬರದಂಗಡಿಯ ಯಂತ್ರದಿಂದ ಬರುವ ನುಣುಪು ಚೀಟಿ, ಬ್ಯಾಂಕಿನ ಎ.ಟಿ.ಎಂ. ಚೀಟಿ ಇವು ಶಾಯಿಯಿಂದ ಅಚ್ಚಾದವಲ್ಲ, ಶಾಖದಿಂದ ಮೂಡಿದವು. ಬಿಸಿಗೂ ಪ್ಲಾಸ್ಟಿಕ್ ಹೊದಿಕೆಗೂ ಬಣ್ಣ ಬಿಟ್ಟು ಕೆಲವು ತಿಂಗಳಲ್ಲಿ ಬಿಳಿಯ ಕಾಗದವಾಗುತ್ತವೆ. ಮುಖ್ಯವಾದದ್ದನ್ನು ಆಗಲೇ ಜೆರಾಕ್ಸ್ ಮಾಡಿಸಿ ಜೊತೆಗಿಡಿ. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ರಬ್ಬರು ಕರಗುತ್ತದೆ, ಹತ್ತಿಯ ದಾರವೇ ಒಳ್ಳೆಯದು. ಮೂಲ ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವ ಚಾಳಿ ಈಗ ಬಂದಿದೆ. ಮಾಡಿಸಬೇಡಿ. ಅದನ್ನು ಕಾಗದ ಹಾಳಾಗದಂತೆ ಬಿಡಿಸಲು ಆಗುವುದಿಲ್ಲ.

ಎಲ್ಲಿ ಇಡಬೇಕು

ರಟ್ಟು ಇಲಿಯನ್ನು ತಡೆಯುವುದಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಇಲಿಯ ಕಾಟವಿರುವ ಮನೆಯಲ್ಲಿ ಈ ಪೆಟ್ಟಿಗೆಯನ್ನು ತಗಡಿನ ಟ್ರಂಕಿನೊಳಗಿಡಿ. ಹಾಗಾದರೆ ಬರಿಯ ಟ್ರಂಕು ಸಾಲದೇ ಎಂದರೆ, ಟ್ರಂಕಿನಲ್ಲಿ ಸೀರೆ, ಹಾಸಿಗೆ, ಪಾತ್ರೆಗಳ ನಡುವೆ ಕಾಗದ ಮತ್ತೆ ಮಡಿಕೆಯಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ತಗಡು ಬೆವರಿ ಕಾಗದಕ್ಕೆ ನೀರಿಳಿಯುತ್ತದೆ, ರಟ್ಟು ಆ ತೇವವನ್ನು ತಾನು ಹೀರಿ ಆಮೇಲೆ ಬಿಡುತ್ತದೆ. ಟ್ರಂಕಿಲ್ಲದವರು ಗೋಡೆಯ ಗೂಡಿನಲ್ಲಿ, ಗೋಡೆಗೆ ಎರಡು ಬೆರಳು ಬಿಟ್ಟು ಇಡಬೇಕು. ಗೆದ್ದಲು ಗೋಡೆಯ ಮೇಲೆ ಮಣ್ಣಿನ ದಾರಿ ಮಾಡಿಕೊಂಡೇ ಬರುತ್ತದೆ, ಆ ಸಂದಿ ಇದ್ದರೆ ದಾರಿ ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ಬೇಡ, ಹೆಂಚಿನ ಕೆಳಗಿನ ಅಟ್ಟದಲ್ಲೂ ಬೇಡ. ಬೇವಿನ ಎಲೆ ಹಾಕುವ ರೂಢಿ ಒಳ್ಳೆಯದೇ, ಆದರೆ ಚೆನ್ನಾಗಿ ಒಣಗಿದ ಎಲೆ ಹಾಕಿ, ಆಗಾಗ ಬದಲಿಸಿ. ಹಸಿ ಎಲೆ ಹಾಕಿ ಕಾಗದಕ್ಕೆ ಬೂಷ್ಟು ತರಿಸಿಕೊಂಡವರನ್ನು ಕಂಡಿದ್ದೇನೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಎಲ್ಲವನ್ನೂ ತೆಗೆದು ನೆರಳಿನಲ್ಲಿ ಗಾಳಿಗಿಡಿ. ಬಿಸಿಲಿನಲ್ಲಿಟ್ಟರೆ ಶಾಯಿ ಮಾಸುತ್ತದೆ.

ಮುಚ್ಚಳದ ಒಳಭಾಗಕ್ಕೆ ಒಂದು ಬಿಳಿ ಹಾಳೆ ಅಂಟಿಸಿ, ಒಳಗೇನೇನು ಇದೆ ಎಂಬುದನ್ನು ಬರೆಯಿರಿ. ಸದಸ್ಯ ಸಂಖ್ಯೆ, ಸರ್ವೆ ನಂಬರುಗಳು, ಬ್ಯಾಂಕ್ ಖಾತೆ ಯಾವ ಶಾಖೆಯದು, ಬೆಳೆ ಸಾಲ ಎಲ್ಲಿದೆ, ಷೇರಿಗೆ ನಾಮಿನಿ ಯಾರು, ಇಷ್ಟು ಸಾಕು. ಎ.ಟಿ.ಎಂ.ನ ರಹಸ್ಯ ಸಂಖ್ಯೆಯನ್ನು ಮಾತ್ರ ಅಲ್ಲಿ ಬರೆಯಬೇಡಿ. ನಾಮಿನಿ ಎಂದು ಬರೆಯಹೋದಾಗ, ಮದುವೆಗೆ ಮುಂಚೆ ಸದಸ್ಯರಾದವರಲ್ಲಿ ಅನೇಕರಿಗೆ ಅಲ್ಲಿ ಇಂದಿಗೂ ತೀರಿಹೋದ ತಂದೆಯ ಹೆಸರೇ ಇರುವುದು ಗೊತ್ತಾಗಬಹುದು. ಹಾಗಿದ್ದರೆ ಪೆಟ್ಟಿಗೆಯ ಅಂಟು ಒಣಗುವವರೆಗೂ ಕಾಯದೆ ಕಚೇರಿಗೆ ಬಂದು ಬದಲಿಸಿಕೊಳ್ಳಿ. ಪೆಟ್ಟಿಗೆ ಎಲ್ಲಿದೆ, ಒಳಗೇನಿದೆ ಎಂಬುದನ್ನು ಮನೆಯ ಹೆಂಗಸರಿಗೆ ತೋರಿಸಿ, ಅವರ ಕೈಯಿಂದಲೇ ಒಮ್ಮೆ ತೆಗೆಸಿ, ಮತ್ತೆ ಇಡಿಸಿ. ಮಾರಂಡಹಳ್ಳಿಯ ಆ ಅಮ್ಮನವರಿಗೆ ಯಜಮಾನರು ಇರುವಾಗ ಚೀಲವನ್ನು ಬಿಚ್ಚಿ ನೋಡುವ ಸಂದರ್ಭವೇ ಬಂದಿರಲಿಲ್ಲ.

ಮಾದರಿಗೆಂದು ನಾನು ಮಾಡಿದ ಒಂದು ಪೆಟ್ಟಿಗೆ ವಿಭಾಗ ಕಚೇರಿಯ ಮೇಜಿನ ಮೇಲಿದೆ. ಬಂದವರು ಅಡಿಪಟ್ಟಿ ಇಟ್ಟು ಅಳೆದುಕೊಂಡು ಹೋಗಬಹುದು. ಮುಚ್ಚಳ ಸ್ವಲ್ಪ ಬಿಗಿ, ಎರಡು ಕೈಯಿಂದ ಎತ್ತಿ.